ಅರಿಯದ ಕೂಸಿಗೆ ಹಬ್ಬದ ಬುಟ್ಟಿ



ಲೆಂಟಿನ ದಿವಸಗಳ ಆರಂಭದಲ್ಲಿ ನಮ್ಮ ಸಭೆಯ ಒಬ್ಬ ಸಹೋದರಿಯಿಂದ ನನಗೆ ಒಂದು ಕಾಗದ ಬಂತು. ಆಕೆಯು ಈ ಹಳ್ಳಿಯಲ್ಲಿಯೇ ಹುಟ್ಟಿ, ಇಲ್ಲಿಯ ಆದಿತ್ಯವಾರದ ಶಾಲೆಯಲ್ಲಿ ಕಲಿತು, ದಾದಿಯ ಕೆಲಸವನ್ನು ಅಭ್ಯಾಸಮಾಡಿ, ಈಗ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಒಂದು ಪಟ್ಟಣದಲ್ಲಿ ಗಂಡನ ಸಂಗಡ ವಾಸವಾಗಿದ್ದಾಳೆ. ಆಕೆಗೆ ಎರಡು ವರುಷದ ಒಬ್ಬ ಮಗನಿದ್ದಾನೆ. ಕಾಗದದಲ್ಲಿ ಆಕೆಯು ಕೇಳಿದ್ದೇನಂದರೆ: ಆ ದೇಶದಲ್ಲಿ ಪುನರುತ್ಥಾನದ ಹಬ್ಬ ಬಂತೆಂದರೆ ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಒಂದು ಬುಟ್ಟಿಯನ್ನಾಗಲಿ ಹುಲ್ಲಿನ ಗೂಡನ್ನಾಗಲಿ ಸಿದ್ಧಮಾಡುವರು. ಅದರಲ್ಲಿ ಬಣ್ಣ ಹಾಕಿದ ಮೊಟ್ಟೆಗಳನ್ನೂ ಸಿಹಿ ತಿಂಡಿಗಳನ್ನೂ ಒಂದು ಆಟದ ಸಾಮಾನನ್ನೂ ಇಟ್ಟು, ತೋಟದ ಪೊದೆಯಲ್ಲಾಗಲಿ ಕುರ್ಚಿಯ ಹಿಂದಾಗಲಿ ಬಚ್ಚಿಟ್ಟು, ರಾತ್ರಿಯಲ್ಲಿ ಒಂದು ಮೊಲವು ಬಂದು ಇದನ್ನು ಇಟ್ಟು ಹೋಯಿತೆಂದು ಮಕ್ಕಳಿಗೆ ಹೇಳುವರು. ನೆರೆಮನೆಯಾಕೆಯು ಈ ಸಹೋದರಿಯನ್ನು, ನಿಮ್ಮ ಹುಡುಗನಿಗೆ ಮೊಲವು ಏನು ತರುವದು, ಎಂದು ನಗುತ್ತಾ ಕೇಳಿದಳಂತೆ. “ಅಂಗಡಿಯ ಬುಟ್ಟಿಯನ್ನು ಕೊಳ್ಳದೆ ನಾನೇ ಕೈಯಾರೆ ಒಂದನ್ನು ಮಾಡಬೇಕೆಂದಿದ್ದೇನೆ. ಇದು ನಮ್ಮಂಥವರಿಗೆ ತಕ್ಕದ್ದೋ? ಅವನಿಗೆ ಎರಡೇ ವರುಷ. ಹಬ್ಬವೂ ತಿಳಿಯದು, ಮುಂದೆ ನೆನಪೂ ಇರದು. ಹೀಗಿರಲಾಗಿ ಬುಟ್ಟಿಯನ್ನು ಮಾಡುವದರಿಂದ ಪ್ರಯೋಜನವೇನು? ಮಾಡಿದರೂ ಮೊಲದ ಮಾತನ್ನು ಹೇಳಿದರೇನು, ಬಿಟ್ಟರೇನು?”

ಮೊದಲು ಓದಿದಾಗ ಇದು ಬಹು ಚಿಕ್ಕ ಪ್ರಶ್ನೆಯಾಗಿ ನನಗೆ ತೋಚಿತು. ನಮ್ಮ ಸಭೆಯ ಹಿರಿಯರೊಬ್ಬರು ಸಹ, ಕೂಸಿನ ಬುಟ್ಟಿಗೆ ಇಷ್ಟು ವಿಚಾರ ಯಾಕೆ, ಎಂದರು. ಆದರೆ ಎರಡು ದಿವಸ ಆ ಕಾಗದವು ನನ್ನ ಸತ್ಯವೇದದೊಳಗೆ ಇದ್ದು ನನ್ನನ್ನು ಸುಮ್ಮನಿರಗೊಡಿಸಲಿಲ್ಲ. ಅರಿಯದವನಿಗೆ ಕೊಟ್ಟ ಒಳ್ಳೆಯದು ವ್ಯರ್ಥವೋ? ಅರಿಯದವನಿಗೆ ಹೇಳಿದ ಸುಳ್ಳು ನಿರುಪದ್ರವವೋ? ಈ ಎರಡು ಪ್ರಶ್ನೆಗಳನ್ನು ಆಕೆಯು ಒಂದೇ ಉಸುರಿನಲ್ಲಿ ಕೇಳಿದ್ದಳು. ಇವು ಒಂದೇ ಪ್ರಶ್ನೆಯ ಎರಡು ಮುಖಗಳೆಂದು ನನಗೆ ಕ್ರಮೇಣ ಕಂಡಿತು. ನಾನು ಆಕೆಗೆ ಬರೆದ ಉತ್ತರವನ್ನು ಆಕೆಯ ಅಪ್ಪಣೆಯಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲು ಆ ಪದ್ಧತಿಯು ಎಲ್ಲಿಂದ ಬಂತೆಂಬದನ್ನು ನೋಡೋಣ. ಪೂರ್ವಕಾಲದ ಪಶ್ಚಿಮ ಸಭೆಯಲ್ಲಿ ಲೆಂಟಿನ ನಾಲ್ವತ್ತು ದಿವಸ ಮಾಂಸವನ್ನು ಮಾತ್ರವಲ್ಲ, ಮೊಟ್ಟೆಯನ್ನೂ ತಿನ್ನಬಾರದೆಂಬ ಕಟ್ಟಳೆಯಿತ್ತು. ಕಟ್ಟಳೆಯು ಮನುಷ್ಯರಿಗೆ ಇತ್ತೇ ಹೊರತು ಕೋಳಿಗಳಿಗೆ ಇರಲಿಲ್ಲ. ಅವು ಇಟ್ಟದ್ದೆಲ್ಲಾ ಮನೆಯಲ್ಲಿ ಕೂಡುತ್ತಾ ಬಂದು, ಹಬ್ಬದ ದಿನಕ್ಕೆ ರಾಶಿಯಾಗುತ್ತಿತ್ತು. ಆದಕಾರಣ ಆ ದಿವಸದಲ್ಲಿ ಮೊಟ್ಟೆಗಳನ್ನು ಬೇಯಿಸಿ, ಬಣ್ಣ ಕಟ್ಟಿ, ಒಬ್ಬರಿಗೊಬ್ಬರು ಕೊಡುವದು ವಾಡಿಕೆಯಾಯಿತು. 1290ರಲ್ಲಿ ಇಂಗ್ಲೆಂಡಿನ ಅರಸನಾದ ಒಂದನೆಯ ಎಡ್ವರ್ಡನ ಮನೆಲೆಕ್ಕದಲ್ಲಿ 450 ಮೊಟ್ಟೆಗಳಿಗೆ 18 ಪೆನ್ಸ್ ವೆಚ್ಚವಾಯಿತೆಂದು ಬರೆದದೆ. ಅವುಗಳಿಗೆ ಬಣ್ಣವನ್ನೂ ಚಿನ್ನದ ರೇಕನ್ನೂ ಹಚ್ಚಿ ಅರಮನೆಯವರಿಗೆ ಹಂಚಿದರು. ಪೂರ್ವದೇಶದ ಸಭೆಗಳವರು ಕರ್ತನ ರಕ್ತದ ಜ್ಞಾಪಕಕ್ಕಾಗಿ ಮೊಟ್ಟೆಗಳಿಗೆ ಕೆಂಪು ಬಣ್ಣವನ್ನು ಹಾಕುತ್ತಾರೆ. ಪೋಲೆಂಡಿನವರು ಹಬ್ಬದ ಹಿಂದಿನ ಶನಿವಾರ ರೊಟ್ಟಿ, ಉಪ್ಪು, ಮೊಟ್ಟೆ, ಮಾಂಸ ಇವುಗಳನ್ನು ಬುಟ್ಟಿಯಲ್ಲಿಟ್ಟು ದೇವಾಲಯಕ್ಕೆ ಒಯ್ದು ಆಶೀರ್ವಾದ ಮಾಡಿಸುತ್ತಾರೆ.

ಮೊಲವು ಇವೆಲ್ಲಕ್ಕಿಂತ ಈಚಿನದು. 1682ರಲ್ಲಿ ಹೈಡೆಲ್‌ಬೆರ್ಗಿನ ವೈದ್ಯಪಂಡಿತನಾದ ಗೆಯೋರ್ಗ್ ಫ್ರಾಂಕ್ ಫೊನ್ ಫ್ರಾಂಕೆನೌ ಎಂಬವನು ಹಬ್ಬದ ಮೊಟ್ಟೆಗಳ ವಿಷಯವಾಗಿ ಲತೀನ್ ಭಾಷೆಯಲ್ಲಿ ಒಂದು ಪ್ರಬಂಧವನ್ನು ಬರೆದನು. ಆಲ್ಸಾಸ್ ಮೊದಲಾದ ಸೀಮೆಗಳಲ್ಲಿ ಮೊಲವು ತೋಟದ ಹುಲ್ಲಿನಲ್ಲಿಯೂ ಪೊದೆಯಲ್ಲಿಯೂ ಮೊಟ್ಟೆಯಿಡುತ್ತದೆಂದು ಮಕ್ಕಳಿಗೂ ಸಾಧುಜನರಿಗೂ ಹೇಳುವರೆಂದೂ, ಮಕ್ಕಳು ಹುಡುಕುವದನ್ನು ನೋಡಿ ದೊಡ್ಡವರು ನಗುವರೆಂದೂ ಅದರಲ್ಲಿ ಅದೆ. ವೈದ್ಯನಾದ್ದರಿಂದ ಮೊಟ್ಟೆಗಳನ್ನು ಮಿತಿಮೀರಿ ತಿಂದರೆ ಬರುವ ಕೇಡನ್ನು ಹೇಳುವದಕ್ಕೂ ಅವನು ಮರೆಯಲಿಲ್ಲ. ಮೊಲವು ಎಲ್ಲಾ ಕಡೆಯಲ್ಲಿ ಇರಲಿಲ್ಲ. ಕೆಲವು ಸೀಮೆಗಳಲ್ಲಿ ನರಿಯೂ, ಸ್ವಿಟ್ಜರ್ಲೆಂಡಿನ ಕೆಲವು ಭಾಗಗಳಲ್ಲಿ ಕೋಗಿಲೆಯೂ ಈ ಕೆಲಸವನ್ನು ಮಾಡುತ್ತಿದ್ದವಂತೆ. 18ನೆಯ ಶತಮಾನದಲ್ಲಿ ಜರ್ಮನಿಯಿಂದ ಅಮೆರಿಕದ ಪೆನ್ಸಿಲ್ವೇನಿಯಕ್ಕೆ ಹೋಗಿ ನೆಲೆಸಿದವರು ಈ ಮಾತನ್ನು ಸಂಗಡ ಒಯ್ದರು. ಅಲ್ಲಿಯ ಮಕ್ಕಳು ತಮ್ಮ ಟೊಪ್ಪಿಗೆಗಳನ್ನೇ ಗೂಡು ಮಾಡಿ ಕೊಟ್ಟಿಗೆಯ ಮೂಲೆಯಲ್ಲಿ ಇಡುತ್ತಿದ್ದರು. ಆ ಟೊಪ್ಪಿಗೆಯೇ ಕಾಲಕ್ರಮದಲ್ಲಿ ಬುಟ್ಟಿಯಾಯಿತು.

ಇದು ವಿಗ್ರಹಾರಾಧನೆಯಿಂದ ಬಂದದ್ದೆಂದು ಕೆಲವರು ಹೆದರಿಸುವದುಂಟು. ವಿಗ್ರಹಗಳನ್ನು ಬಿಟ್ಟು ಬಂದವರ ಮಕ್ಕಳಾದ ನಮಗೆ ಈ ಮಾತು ಬೇಗನೆ ನಾಟುತ್ತದೆ. ಆದರೆ ಸತ್ಯವೇನಂದರೆ, 725ರಲ್ಲಿ ಬೀಡನೆಂಬ ಇಂಗ್ಲಿಷ್ ಸನ್ಯಾಸಿಯು ಈಯೋಸ್ತ್ರೆ ಎಂಬ ದೇವತೆಯ ಹೆಸರಿನಿಂದ ಒಂದು ತಿಂಗಳನ್ನು ಕರೆಯುತ್ತಿದ್ದರೆಂದು ಒಂದೇ ಸ್ಥಳದಲ್ಲಿ ಬರೆದಿದ್ದಾನೆ. ಅಲ್ಲಿ ಮೊಲವೂ ಇಲ್ಲ, ಮೊಟ್ಟೆಯೂ ಇಲ್ಲ. ಮೊಲವನ್ನು ಆ ದೇವತೆಗೆ ಕಟ್ಟಿದ್ದು 19ನೆಯ ಶತಮಾನದ ಪಂಡಿತರ ಊಹೆಯು. ಆದದರಿಂದ, ಸಹೋದರಿಯೇ, ನಿನ್ನ ಬುಟ್ಟಿಯಲ್ಲಿ ದೆವ್ವವಿಲ್ಲ ಎಂದು ನಾನು ಬರೆದೆನು. ನಿಷೇಧವಿದ್ದರೆ ಅದು ಬೇರೆ ಕಡೆಯಿಂದ ಬರಬೇಕು.

ಇನ್ನು ಮೊದಲನೆಯ ಪ್ರಶ್ನೆ. ಅರಿಯದ ಕೂಸಿಗೆ ಕೈಯಾರೆ ಬುಟ್ಟಿಯನ್ನು ಮಾಡಿದ್ದರಿಂದ ಏನು ಫಲ?

ಸತ್ಯವೇದದಲ್ಲಿ ಕೂಸಿಗಾಗಿ ಮಾಡಿದ ಒಂದು ಬುಟ್ಟಿಯ ಕಥೆಯಿದೆ. ಅದು ವಿಮೋಚನಕಾಂಡ 2ನೆಯ ಅಧ್ಯಾಯದಲ್ಲಿರುವದು. ಫರೋಹನ ಆಜ್ಞೆಗೆ ಹೆದರದ ಒಬ್ಬ ತಾಯಿಯು ನೀರಹುಲ್ಲಿನ ಪೆಟ್ಟಿಗೆಗೆ ರಾಳವನ್ನು ಮೆತ್ತಿ, ಮೂರು ತಿಂಗಳಿನ ಮಗುವನ್ನು ಅದರಲ್ಲಿ ಮಲಗಿಸಿ ಹೊಳೆಯ ಜೊಂಡಿನಲ್ಲಿ ಇಟ್ಟಳು. ಇಬ್ರಿಯ ಭಾಷೆಯಲ್ಲಿ ಆ ಪೆಟ್ಟಿಗೆಗೆ ತೇಬಾ ಎಂಬ ಶಬ್ದವಿದೆ. ನೋಹನ ನಾವೆಗೂ ಅದೇ ಶಬ್ದ. ಇವೆರಡರ ಹೊರತು ಸತ್ಯವೇದದಲ್ಲಿ ಬೇರೆ ಯಾವದಕ್ಕೂ ಆ ಹೆಸರಿಲ್ಲ. ಲೋಕವನ್ನು ಉಳಿಸಿದ ದೊಡ್ಡ ಹಡಗಿಗೂ ಒಂದು ಕೂಸನ್ನು ಉಳಿಸಿದ ಹುಲ್ಲಿನ ಬುಟ್ಟಿಗೂ ಪವಿತ್ರಾತ್ಮನು ಒಂದೇ ಹೆಸರನ್ನಿಟ್ಟನು. ಆ ಮಗುವು ಬುಟ್ಟಿಯನ್ನು ಕುರಿತು ಏನು ಅರಿತಿತ್ತು? ಏನೂ ಇಲ್ಲ. ಮುಚ್ಚಳವನ್ನು ತೆರೆದಾಗ ಅಳುತ್ತಿತ್ತೆಂದು ಬರೆದದೆ. ಕೃತಜ್ಞತೆಯಿಲ್ಲ, ನೆನಪಿಲ್ಲ, ಅಳು ಮಾತ್ರ. ಆದರೂ ಆ ಬುಟ್ಟಿಯೊಳಗೆ ಒಂದು ಜನಾಂಗದ ಬಿಡುಗಡೆಯು ಮಲಗಿತ್ತು.

ನಾವು ನಮ್ಮ ಕೂಸುಗಳಿಗೆ ದೀಕ್ಷಾಸ್ನಾನವನ್ನು ಮಾಡಿಸುತ್ತೇವಲ್ಲಾ. ನೀರು ತಣ್ಣಗಿದೆ ಎಂಬದರ ಹೊರತು ಕೂಸಿಗೆ ಏನು ತಿಳಿಯುತ್ತದೆ? ತಿಳಿಯುವದಕ್ಕೆ ಮೊದಲೇ ಕೊಡಲ್ಪಟ್ಟದ್ದು ವರವೆಂದು ನಾವು ನಂಬುವದರಿಂದಲೇ ಹಾಗೆ ಮಾಡುತ್ತೇವೆ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗೋಸ್ಕರ ಸತ್ತನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯವು ಹೇಳುತ್ತದೆ. ನಮ್ಮ ಅರಿವಿಗಾಗಿ ಆತನು ಕಾದಿದ್ದರೆ ನಮ್ಮ ಗತಿಯೇನಾಗುತ್ತಿತ್ತು? ಆದದರಿಂದ ಎರಡು ವರುಷದ ಮಗನು ನೆನಪಿಡಲಾರನೆಂಬ ಕಾರಣದಿಂದ ಬುಟ್ಟಿಯು ವ್ಯರ್ಥವೆಂದು ಹೇಳುವದು ಕ್ರೈಸ್ತರಿಗೆ ಒಪ್ಪುವ ಮಾತಲ್ಲ.

ಕೈಯಾರೆ ಮಾಡುವದೇ ಒಳ್ಳೇದೆಂದು ಯಾಕೆ ಹೇಳುತ್ತೇನಂದರೆ, ಅಂಗಡಿಯ ಬುಟ್ಟಿಯು ಯಾವ ಮಗುವಿಗಾದರೂ ಆಗುವದು. ಹನ್ನಳು ದೇವಾಲಯದಲ್ಲಿದ್ದ ಸಮುವೇಲನಿಗೆ ವರುಷಕ್ಕೊಂದು ಚಿಕ್ಕ ಅಂಗಿಯನ್ನು ಹೊಲಿದು ಒಯ್ಯುತ್ತಿದ್ದಳು (1 ಸಮುವೇಲ 2, 19). ಮಗನು ದೂರದಲ್ಲಿದ್ದಾನೆ; ಈ ವರುಷ ಅವನು ಎಷ್ಟು ಬೆಳೆದಿರಬಹುದು, ತೋಳು ಎಷ್ಟು ಉದ್ದವಾಗಿರಬಹುದು, ಎಂದು ಆಕೆಯು ಹೊಲಿಗೆ ಹೊಲಿಗೆಗೂ ಯೋಚಿಸಿರಲೇ ಬೇಕು. ಕೈಕೆಲಸದಲ್ಲಿ ಆ ಯೋಚನೆಯೇ ಮುಖ್ಯವಾದ ವರ. ಹಣವಿದ್ದವರು ಕೊಂಡುಕೊಟ್ಟರೆ ಪಾಪವೆಂದು ನಾನು ಹೇಳುವದಿಲ್ಲ. ಕೆಲಸದಿಂದ ಬೇಸತ್ತು ಮನೆಗೆ ಬರುವ ತಾಯಿಗೆ ಇನ್ನೊಂದು ನೊಗವನ್ನು ಕಟ್ಟುವ ಮನಸ್ಸು ನನಗಿಲ್ಲ.

ಇಷ್ಟರ ಮಟ್ಟಿಗೆ ಸಂತೋಷವಾಗಿ ಬರೆದು ಬಂದೆನು. ಇಲ್ಲಿ ನನ್ನ ಲೇಖನಿಯು ನಿಂತಿತು. ಅರಿಯದ ಮಗುವಿಗೆ ಕೊಟ್ಟ ವರವು ಅದರೊಳಗೆ ಇಳಿದು ಕೆಲಸಮಾಡುತ್ತದೆಂದು ಒಪ್ಪಿದ ಮೇಲೆ, ಅರಿಯದ ಮಗುವಿಗೆ ಹೇಳಿದ ಸುಳ್ಳು ಮಾತ್ರ ಕಿವಿಯ ಹೊರಗೆ ಬಿದ್ದು ಹೋಗುವದೆಂದು ಹೇಗೆ ಹೇಳಲಿ?

ನನ್ನ ಸ್ವಂತ ತಪ್ಪನ್ನು ಇಲ್ಲಿ ಮರೆಮಾಡಿದರೆ ಈ ಲೇಖನವೇ ಕಪಟವಾಗುವದು. ನನ್ನ ಹಿರಿಯ ಮಗಳು ಮೂರು ವರುಷದವಳಾಗಿದ್ದಾಗ ನಮ್ಮ ಕೊಟ್ಟಿಗೆಯಲ್ಲಿ ಒಂದು ಕರುವು ರೋಗದಿಂದ ಸತ್ತಿತು. ದಿನಾಲು ಅದಕ್ಕೆ ಹಿಡಿಹುಲ್ಲನ್ನು ತಿನ್ನಿಸುವದು ಆಕೆಯ ಕೆಲಸವಾಗಿತ್ತು. ಕರು ಎಲ್ಲಿ, ಎಂದು ಅಳುತ್ತಾ ಕೇಳಿದಾಗ, ಹೊಳೆಯ ಆಚೆ ಮೇಯುವದಕ್ಕೆ ಹೋಗಿದೆ, ತಿರಿಗಿ ಬರುವದು, ಎಂದು ನಾನು ಹೇಳಿದೆನು. ಅಳು ನಿಂತಿತು. ಜಾಣತನ ಮಾಡಿದೆನೆಂದು ಎಣಿಸಿದೆನು. ಕೆಲವು ದಿವಸ ಸಾಯಂಕಾಲದಲ್ಲಿ ಆಕೆಯು ಹಿಡಿಹುಲ್ಲನ್ನು ಹಿಡುಕೊಂಡು ಅಂಗಳದ ಗೋಡೆಯ ಬಳಿಯಲ್ಲಿ ನಿಂತದ್ದನ್ನು ಕಂಡರೂ ಕಾಣದವನಂತೆ ಇದ್ದೆನು. ಆ ಮೇಲೆ ನಿಲ್ಲುವದನ್ನು ಬಿಟ್ಟಳು. ಮರೆತಳೆಂದುಕೊಂಡೆನು.

ಮರುವರುಷ ನನ್ನ ತಾಯಿ ತೀರಿಹೋದಳು. ಸಮಾಧಿಯ ಬಳಿಯಲ್ಲಿ ಬೋಧಕರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯವನ್ನು ಓದುತ್ತಿದ್ದರು. ಮಗಳು ನನ್ನ ತೋಳಿನಲ್ಲಿದ್ದಳು. ನಾನು ಆಕೆಯ ಕಿವಿಯಲ್ಲಿ, ಅಜ್ಜಿಯು ಕರ್ತನ ಬಳಿಗೆ ಹೋಗಿದ್ದಾಳೆ, ನಾವು ಆಕೆಯನ್ನು ತಿರಿಗಿ ಕಾಣುವೆವು, ಎಂದೆನು. ಆಕೆಯು ನನ್ನ ಕಡೆಗೆ ತಿರುಗಿ, “ಕರು ಬಂದ ಹಾಗೆಯೋ, ಅಪ್ಪಾ?” ಎಂದು ಕೇಳಿದಳು.

ಹಳ್ಳಿಯಿಂದ ಹಳ್ಳಿಗೆ ತಿರುಗಿ ಪುನರುತ್ಥಾನವನ್ನು ಸಾರುವವನು ನಾನು. ಆ ಹೊತ್ತಿನಲ್ಲಿ ನನ್ನ ಬಾಯಲ್ಲಿ ಒಂದು ಮಾತೂ ಇರಲಿಲ್ಲ. ಆ ರಾತ್ರಿ ಕರುವಿನ ಸಂಗತಿಯನ್ನು ಇದ್ದಂತೆ ಹೇಳಿ, ಅಪ್ಪನು ತಪ್ಪಿದನು, ಎಂದು ಒಪ್ಪಿಕೊಂಡೆನು. “ಹಾಗಾದರೆ ಅಜ್ಜಿಯ ಮಾತು?” ಎಂದಳು. ಅದು ಸತ್ಯ, ಎಂದೆನು. ಬಹಳ ಹೊತ್ತು ನನ್ನ ಮುಖವನ್ನು ನೋಡಿ ಮಲಗಿದಳು. ಆ ದಿವಸ ಆಕೆಯು ಏನು ತೀರ್ಮಾನಿಸಿದಳೋ ನನಗೆ ತಿಳಿಯಲಿಲ್ಲ.

ಅದೇ 15ನೆಯ ಅಧ್ಯಾಯದ 15ನೆಯ ವಚನವನ್ನು ನಾನು ಅಂದಿನಿಂದ ಬೇರೆ ಕಣ್ಣಿನಿಂದ ಓದುತ್ತೇನೆ. ಕ್ರಿಸ್ತನು ಎದ್ದಿರದಿದ್ದರೆ ನಾವು ದೇವರ ವಿಷಯದಲ್ಲಿ ಸುಳ್ಳು ಸಾಕ್ಷಿಗಳಾಗಿ ಸಿಕ್ಕಿಬೀಳುವೆವೆಂದು ಅಪೊಸ್ತಲನು ಅಲ್ಲಿ ಹೇಳುತ್ತಾನೆ. ಈ ಹಬ್ಬವೆಲ್ಲಾ ಸಾಕ್ಷಿಯ ಮೇಲೆ ನಿಂತದೆ. ಬರಿದಾದ ಸಮಾಧಿಯನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಕಂಡವರ ಮಾತನ್ನು ಕೇಳಿ ನಂಬಿದವರು. ಹಾಗೆಯೇ ಕೂಸಿಗೆ ಇದು ಬೆಂಕಿ, ಇದು ನೀರು, ಇವನು ನಿನ್ನ ತಂದೆ, ಎಂಬದೆಲ್ಲಾ ತಾಯಿಯ ಬಾಯಿಂದಲೇ ತಿಳಿಯುವದು. ಒಂದೇ ಬಾಯಿ ಒಂದೇ ಬೆಳಿಗ್ಗೆ, ಮೊಲವು ರಾತ್ರಿಯಲ್ಲಿ ಬಂದಿತ್ತು, ಎಂದೂ, ಕರ್ತನು ಮುಂಜಾನೆ ಎದ್ದನು, ಎಂದೂ ಹೇಳಿದರೆ, ಮಗುವು ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಟ್ಟುಕೊಳ್ಳುವದು. ಏಳು ಎಂಟು ವರುಷದವನಾದಾಗ ಮೊಲವನ್ನು ಹೊರಗೆ ಎಸೆಯುವನು. ಆಗ ಎರಡನೆಯದು ಅದರ ಕೂಡ ಬೀಳದ ಹಾಗೆ ಹಿಡಿಯುವವರು ಯಾರು?

ಇಲ್ಲಿ ಎದುರುಮಾತುಗಳಿವೆ; ಅವುಗಳನ್ನು ಮುಚ್ಚಿಡಬಾರದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರಲ್ಲಿ ಅನೇಕರು ಆ ವುರ್ಟೆಂಬರ್ಗ್ ಸೀಮೆಯವರೇ. 1843ರಲ್ಲಿ ಮಂಗಳೂರು ಸಮಾಚಾರವನ್ನು ಪ್ರಕಟಿಸಿದ ಹೆರ್ಮನ್ ಮೊಗ್ಲಿಂಗ್ ಪಂಡಿತರು ಅಲ್ಲಿಯ ಬ್ರಾಕನ್‌ಹೈಮಿನಲ್ಲಿ ಹುಟ್ಟಿದವರು. ಅವರಂಥವರಲ್ಲಿ ಕೆಲವರಾದರೂ ಬಾಲ್ಯದಲ್ಲಿ ಪಾಚಿಯ ಗೂಡಿನಲ್ಲಿ ಮೊಲದ ಮೊಟ್ಟೆಯನ್ನು ಹುಡುಕಿರಬಹುದು. ಅದರಿಂದ ಅವರ ನಂಬಿಕೆಯು ಸಾಯಲಿಲ್ಲ, ಸಮುದ್ರವನ್ನು ದಾಟಿ ನಮ್ಮ ವರೆಗೂ ಬಂತು. ಆದದರಿಂದ ಮೊಲವು ನಂಬಿಕೆಯನ್ನು ಕೊಲ್ಲುವದೆಂದು ನಾನು ಹೇಳೆನು. ಬೀಳದೆ ದಾಟಿದವರು ಬಹು ಮಂದಿ ಇದ್ದರೂ ಮುರುಕು ಸಂಕದ ಮೇಲೆ ಕೂಸನ್ನು ನಡಿಸುವದು ಯಾತಕ್ಕೆ, ಎಂದು ಮಾತ್ರ ಕೇಳುತ್ತೇನೆ.

ಇನ್ನೊಂದು: ಬಲಗೈ ಮಾಡುವದನ್ನು ಎಡಗೈ ಅರಿಯಬಾರದೆಂದು ಕರ್ತನೇ ಹೇಳಿದನಲ್ಲಾ, ಮೊಲದ ಹಿಂದೆ ಅಡಗುವ ತಾಯಿಯು ದೀನತೆಯಿಂದಲೇ ಹಾಗೆ ಮಾಡುತ್ತಾಳಲ್ಲವೇ? ಇದು ನನಗೆ ಬಲವಾದ ಮಾತಾಗಿ ಕಂಡಿತು. ಆದರೆ ಕೊಟ್ಟವನು ಮರೆಯಾಗುವದು ಒಂದು. ಕೊಡದವನನ್ನು ಕೊಟ್ಟವನ ಸ್ಥಳದಲ್ಲಿ ನಿಲ್ಲಿಸುವದು ಮತ್ತೊಂದು. ಮೊದಲನೆಯದರಿಂದ ಮಗುವು ಯಾರಿಗೆ ವಂದಿಸಬೇಕೆಂದು ಹುಡುಕುವದು. ಎರಡನೆಯದರಿಂದ ಇಲ್ಲದವನಿಗೆ ವಂದಿಸುವದು.

ಹಾಗಾದರೆ ಆಟವೇ ಬೇಡವೇ? ಬೇಕು, ಬಹಳ ಬೇಕು. ಔಗುಸ್ತೀನನು ಸುಮಾರು 395ರಲ್ಲಿ ಸುಳ್ಳನ್ನು ಕುರಿತು ಬರೆದ ಗ್ರಂಥದ ಆರಂಭದಲ್ಲಿಯೇ ಪರಿಹಾಸ್ಯದ ಮಾತುಗಳನ್ನು ಸುಳ್ಳಿನ ಲೆಕ್ಕಕ್ಕೆ ಸೇರಿಸದೆ ಬಿಡುತ್ತಾನೆ. ಸ್ವರದಿಂದಲೂ ಮುಖಭಾವದಿಂದಲೂ ಅವು ಆಟವೆಂದು ತಿಳಿದುಬರುತ್ತವೆ ಎನ್ನುತ್ತಾನೆ. ಸುಳ್ಳಿನ ವಿಷಯದಲ್ಲಿ ಅವನಷ್ಟು ಕಠಿಣನಾದವನು ವಿರಳ. ಅವನೇ ಇಷ್ಟನ್ನು ಬಿಟ್ಟಿರುವಾಗ ನಾವು ಬಿಗಿಯಬೇಕಾಗಿಲ್ಲ. ಹುಡುಗನು ಕೋಲನ್ನು ಕುದುರೆ ಎಂದರೆ, ಹೌದು, ನೀರು ಕುಡಿಸು, ಎನ್ನುವ ತಂದೆಯು ಸುಳ್ಳುಗಾರನಲ್ಲ. ಬಟ್ಟೆಯ ಮೊಲವನ್ನು ಹೊಲಿದು, ಮಗನ ಕಣ್ಣೆದುರಿನಲ್ಲಿ ಕೈಯಿಂದ ಕುಣಿಸಿ, ಅದರ ಬಾಯಲ್ಲಿ ಬುಟ್ಟಿಯನ್ನು ಕೊಡಿಸಿದರೆ, ಅವನು ತಾಯಿಯ ಕೈಯನ್ನೂ ಕಾಣುತ್ತಾನೆ, ಮೊಲವನ್ನೂ ಕಾಣುತ್ತಾನೆ, ನಗುತ್ತಾನೆ. ಅಲ್ಲಿ ಮೋಸವಿಲ್ಲ. ಕೈಯನ್ನು ಅಡಗಿಸಿ ಆಣೆಯಂತೆ ಹೇಳುವಾಗಲೇ ಆಟವು ಸಾಕ್ಷಿಯಾಗಿ ಬದಲಾಗುತ್ತದೆ. ಇದನ್ನು ಬಿಟ್ಟು, ನೆರೆಯವರ ಮಕ್ಕಳ ಬಳಿಗೆ ಹೋಗಿ ನಿಮ್ಮ ಮೊಲವು ಸುಳ್ಳೆಂದು ಸಾರುವದು ಬೇಡವೆಂದೂ ಆಕೆಗೆ ಬರೆದೆನು.

ಈ ಹಳ್ಳಿಗಳಲ್ಲಿರುವ ನಮಗೆ ಮೊಲದ ತೊಂದರೆಯಿಲ್ಲವೆಂದು ಸಂತೋಷಪಡಬೇಡಿರಿ. ಉಣ್ಣದ ಮಗುವಿಗೆ ಗುಮ್ಮನನ್ನು ತೋರಿಸುವವರು ಯಾರು? ಪೊಲೀಸಿನವನು ಹಿಡುಕೊಂಡು ಹೋಗುವನೆನ್ನುವವರು ಯಾರು? ಸಂತೆಗೆ ಹೊರಟ ತಾಯಿ, ಇಲ್ಲೇ ಇದ್ದೇನೆ, ಎಂದು ಹೇಳಿ ಹಿತ್ತಲಿಂದ ಹೋಗುವದಿಲ್ಲವೋ? ಜರ್ಮನಿಯವರ ಮೊಲವಾದರೂ ಮೊಟ್ಟೆಯನ್ನು ತರುತ್ತದೆ. ನಮ್ಮ ಗುಮ್ಮನು ಏನನ್ನೂ ತರುವದಿಲ್ಲ.

ಬುಟ್ಟಿಯನ್ನು ಹೇಗೆ ಮಾಡಬೇಕೆಂಬದಕ್ಕೆ ನಾನು ಮತ್ತು ನನ್ನ ಹೆಂಡತಿ ಕೂಡಿ ಬರೆದದ್ದು ಇದು. ಮನೆಯಲ್ಲಿರುವ ಬೆತ್ತದ ಬುಟ್ಟಿಯೇ ಸಾಕು. ಒಳಗೆ ಹಳೆ ಸೀರೆಯ ತುಂಡನ್ನು ಹಾಸು. ಹಬ್ಬಕ್ಕೆ ಹತ್ತು ದಿವಸ ಮುಂಚೆ ಅಗಲವಾದ ತಟ್ಟೆಯಲ್ಲಿ ಮಣ್ಣನ್ನು ಹರಡಿ ಗೋದಿಯನ್ನು ಬಿತ್ತಿ ಕಿಟಕಿಯ ಬಳಿಯಲ್ಲಿ ಇಟ್ಟು, ದಿನಾಲು ಮಗನ ಕೈಯಿಂದ ನೀರು ಹೊಯ್ಯಿಸು. ಹಬ್ಬದ ಹೊತ್ತಿಗೆ ಬೆರಳುದ್ದ ಹಸುರು ಹುಲ್ಲು ಬರುವದು. ಗೂಡಿಗೆ ಅದೇ ಹಾಸಿಗೆ. ಅಂಗಡಿಯ ಪ್ಲಾಸ್ಟಿಕ್ ಹುಲ್ಲನ್ನು ಕೂಸು ಬಾಯಿಗೆ ಹಾಕೀತು. ಗೋದಿಯ ಕಾಳು ನೆಲದಲ್ಲಿ ಬಿದ್ದು ಸಾಯುವ ಮಾತನ್ನು (ಯೋಹಾನ 12, 24) ಅವನಿಗೆ ಈಗ ಹೇಳಬೇಕಾಗಿಲ್ಲ. ಕಾಳನ್ನು ಹೂಣಿಟ್ಟದ್ದನ್ನೂ ಅದು ಎದ್ದದ್ದನ್ನೂ ಅವನು ನೋಡಿದರೆ ಸಾಕು.

ಮೊಟ್ಟೆಗಳಿಗೆ ಈರುಳ್ಳಿಯ ಸಿಪ್ಪೆಯ ಬಣ್ಣವೇ ಚಂದ. ಆ ದೇಶದ ಮುದುಕಿಯರೂ ಅದನ್ನೇ ಬಳಸುತ್ತಾರೆ. ಸಿಪ್ಪೆಗಳನ್ನು ಕೂಡಿಸಿಟ್ಟು, ಅರ್ಧ ಗಂಟೆ ಕುದಿಸಿ, ಸ್ವಲ್ಪ ಹುಳಿಕಾಡಿಯನ್ನು ಹಾಕು. ಮೊಟ್ಟೆಯ ಮೇಲೆ ಒಂದು ಚಿಕ್ಕ ಎಲೆಯನ್ನು ಇಟ್ಟು, ತೆಳುವಾದ ಹಳೆ ಕಾಲುಚೀಲದ ತುಂಡಿನಿಂದ ಬಿಗಿದು ಕಟ್ಟಿ, ಆ ನೀರಿನಲ್ಲಿ ಹತ್ತು ನಿಮಿಷ ಬೇಯಿಸು. ಬಿಚ್ಚಿದಾಗ ಕೆಂಗಂದು ಮೊಟ್ಟೆಯ ಮೇಲೆ ಎಲೆಯ ನೆರಳು ಬೆಳ್ಳಗೆ ನಿಂತಿರುವದು. ಊರಿನಿಂದ ಒಯ್ದ ಅರಿಶಿನವು ಹಳದಿಗೆ ಆದೀತು. ಮಗನು ತಿನ್ನುವಾಗ ಸುಲಿದು ಚಿಕ್ಕದಾಗಿ ಕತ್ತರಿಸಿ, ಎದುರಿಗೆ ಕೂತು ತಿನ್ನಿಸು. ಆಲ್ಸಾಸಿನವರೂ ಅವರ ನೆರೆಯವರೂ ಮಣ್ಣಿನ ಅಚ್ಚಿನಲ್ಲಿ ಕುರಿಮರಿಯ ರೂಪದ ರೊಟ್ಟಿಯನ್ನು ಸುಡುತ್ತಾರಲ್ಲಾ, ಅದನ್ನು ಒಂದಿಡು. ಅದಕ್ಕೆ ಅರ್ಥವೂ ಉಂಟು, ರುಚಿಯೂ ಉಂಟು. ನೆಲಗಡಲೆ, ಗಟ್ಟಿ ಮಿಠಾಯಿ, ಇಡೀ ದ್ರಾಕ್ಷೆ, ಇವು ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಅಮೆರಿಕದಲ್ಲಿ ಮೂರು ವರುಷದೊಳಗಿನ ಮಕ್ಕಳ ಆಟದ ಸಾಮಾನುಗಳನ್ನು ಪರೀಕ್ಷಿಸುವದಕ್ಕೆ ಒಂದೂಕಾಲು ಅಂಗುಲ ಅಗಲದ ಒಂದು ಕೊಳವೆಯಿದೆ. ಅದರೊಳಗೆ ಪೂರ್ತಿಯಾಗಿ ಹೋಗುವಂಥಾ ಸಣ್ಣ ವಸ್ತು ಅವರಿಗೆ ಕೂಡದು. ಬಟ್ಟೆಯ ಮೊಲಕ್ಕೆ ಮಣಿಯ ಕಣ್ಣು ಬೇಡ, ನೂಲಿನಿಂದ ಹೊಲಿ.

ಕೆಲವರು ಬರಿದಾದ ಸಮಾಧಿಯ ಗುರುತಾಗಿ ಒಂದು ಬರೀ ಚಿಪ್ಪನ್ನು ಬುಟ್ಟಿಯಲ್ಲಿ ಇಡುತ್ತಾರೆ. ಎರಡು ವರುಷದವನಿಗೆ ಬರಿದಾದ ಮೊಟ್ಟೆಯು ಅಳುವಿಗೆ ಕಾರಣವಾದೀತು. ಅದು ದೊಡ್ಡ ಮಕ್ಕಳಿಗಿರಲಿ. ಬೆಳಿಗ್ಗೆ ಬುಟ್ಟಿಯನ್ನು ಕೊಡುವಾಗ, “ಯೇಸು ಎದ್ದಿದ್ದಾನೆ, ಅದಕ್ಕೆ ಅಮ್ಮ ನಿನಗೆ ಇದನ್ನು ಮಾಡಿದಳು,” ಎಂದು ಇಷ್ಟೇ ಹೇಳು, ಎಂದು ಬರೆದು ಕಾಗದವನ್ನು ಮುಗಿಸಿದೆನು.

ಹಬ್ಬವಾದ ಮೇಲೆ ಉತ್ತರ ಬಂತು. ಮಗನು ಮೊದಲು ಬುಟ್ಟಿಯನ್ನು ಬೋರಲು ಹಾಕಿದನಂತೆ. ಕುರಿಮರಿಯ ತಲೆಯನ್ನು ಕಚ್ಚಿ ತಿಂದು, ಹುಲ್ಲನ್ನು ಕಿತ್ತು ಚೆಲ್ಲಿ, ಬರಿದಾದ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲಾ ತಿರುಗಿದನಂತೆ. ಆಕೆಯು ಅಷ್ಟು ಪ್ರಯಾಸದಿಂದ ಮಾಡಿದ ಎಲೆಯ ಮೊಟ್ಟೆಯು ಮಂಚದ ಕೆಳಗೆ ಉರುಳಿ ಮಂಗಳವಾರ ಸಿಕ್ಕಿತು. ನೆರೆಮನೆಯಾಕೆಯು ಬಂದು, ಯಾರು ತಂದರು, ಎಂದು ಕೇಳಿದಾಗ ಅವನು ತಾಯಿಯನ್ನು ತೋರಿಸಿ, ಆ ಮೇಲೆ ನೆರೆಯಾಕೆಯನ್ನು ತೋರಿಸಿ, ಕಡೆಗೆ ಬುಟ್ಟಿಯನ್ನೇ ತೋರಿಸಿದನು. ತಟ್ಟೆಯಲ್ಲಿ ಉಳಿದ ಗೋದಿಯನ್ನು ಇನ್ನೂ ಕಿಟಕಿಯಲ್ಲಿಯೇ ಇಟ್ಟಿದ್ದಾರಂತೆ. ಅವನು ಬೆಳಗಾದ ಕೂಡಲೆ ನೀರು ಹೊಯ್ಯಬೇಕೆಂದು ಹಟಮಾಡುತ್ತಾನೆ, ಹೆಚ್ಚಿನದು ನೆಲಕ್ಕೇ ಬೀಳುತ್ತದೆ, ಎಂದು ಆಕೆಯು ಬರೆದಿದ್ದಾಳೆ.